ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಸಾಕಲ್ವಾ?

ಓದುಗರೇ, ನಿಮ್ಮ ಪತ್ರ ಸಿಕ್ಕಿತು. "ಮನೆಯ ಕಂಪ್ಯೂಟರಿನ ಚಿಪ್ಪೇ ಸೇನೆಯ ಗಾಡಿಯಲ್ಲೂ ಇದ್ದರೆ, ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಸಾಕಲ್ವಾ? ಇಷ್ಟು ಖರ್ಚು ಯಾಕೆ?" ಎಂದು ಕೇಳಿದ್ದೀರಿ.

ಅರ್ಧ ನೀವು ಹೇಳಿದ್ದೇ ಸರಿ. 1994ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ, ಸೇನೆಗೆಂದೇ ಬರೆದ ನಿಯಮಗಳನ್ನು ಬದಿಗಿಟ್ಟು ಆದಷ್ಟೂ ಮಾರುಕಟ್ಟೆಯ ಮಾನದಂಡಗಳನ್ನೇ ಬಳಸಿ ಎಂದು ಸೂಚಿಸಿದರು. ಅಷ್ಟರಲ್ಲಿ ಮಾರುಕಟ್ಟೆಯ ಚಿಪ್ಪುಗಳು ಬಹಳ ಮುಂದೆ ಹೋಗಿದ್ದವು.

ಇನ್ನರ್ಧಕ್ಕೆ, ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕಾರ್ಡೊಂದನ್ನು ಬಿಚ್ಚಿ ನೋಡಿ. ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಪಟ್ಟಿಗಳ ಸಾಲಿದೆ. ಸ್ಲಾಟಿನ ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ, ಅಷ್ಟೇ. ಮೇಜಿನ ಮೇಲೆ ಅದು ಸಾಕು. ಹಳ್ಳ ದಿಣ್ಣೆಯಲ್ಲಿ ಓಡುವ ಗಾಡಿಯಲ್ಲಿ ಕಾರ್ಡ್ ಕಣ್ಣಿಗೆ ಕಾಣದಷ್ಟು ಅಲುಗುತ್ತಲೇ ಇರುತ್ತದೆ. ಉಜ್ಜಿ ಉಜ್ಜಿ ಚಿನ್ನದ ಲೇಪ ಸವೆಯುತ್ತದೆ, ಅಡಿಯ ಲೋಹ ಗಾಳಿಗೆ ಕೆಡುತ್ತದೆ. ಆಮೇಲೆ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. ಇದು ಪೂರ್ತಿ ಕೆಟ್ಟುಹೋಗುವುದಕ್ಕಿಂತ ಕಷ್ಟ. ವರ್ಕ್‌ಶಾಪಿಗೆ ತಂದಾಗ ಎಲ್ಲ ಸರಿಯಾಗೇ ಇರುತ್ತದಲ್ಲ!

ಹಾಗಾಗಿ ಇಂಥ ಒರಟು ಜಾಗಗಳಿಗೆಂದೇ ರೂಪಿಸಿದ ವಿಪಿಎಕ್ಸ್ ಮಾನದಂಡದಂಥ ಕಾರ್ಡುಗಳಲ್ಲಿ, ಮನೆಯ ಕಂಪ್ಯೂಟರಿನಲ್ಲೂ ಮಾಹಿತಿ ಸಾಗಿಸುವ ಪಿಸಿಐ ಎಕ್ಸ್‌ಪ್ರೆಸ್, ಈಥರ್ನೆಟ್ ಪದ್ಧತಿಗಳು ಹಾಗೇ ಉಳಿಯುತ್ತವೆ, ಕಾರ್ಡ್ ಸಿಕ್ಕಿಸುವ ಕನೆಕ್ಟರ್ ಬದಲಾಗುತ್ತದೆ. ಸಾಫ್ಟ್‌ವೇರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಧೂಳು ಎಳೆಯುವ ಫ್ಯಾನನ್ನೂ ಎಷ್ಟೋ ಕಡೆ ತೆಗೆಯುತ್ತಾರೆ. ಕಾರ್ಡಿನ ಮೇಲೆ ಅಲ್ಯೂಮಿನಿಯಂ ಫಲಕ ಕೂರಿಸಿ, ಅದರ ಅಂಚುಗಳನ್ನು ಪೆಟ್ಟಿಗೆಯ ತೋಡಿನಲ್ಲಿ ವೆಡ್ಜ್ ಲಾಕ್ ಎಂಬ ಬೆಣೆ ಬೀಗ ಹಾಕಿ ಬಿಗಿಯುತ್ತಾರೆ. ಸ್ಕ್ರೂ ತಿರುಗಿಸಿದಂತೆ ಸಣ್ಣ ಬೆಣೆಗಳು ಒಂದರ ಮೇಲೊಂದು ಜಾರಿ ಕಾರ್ಡನ್ನು ಗೋಡೆಗೆ ಒತ್ತುತ್ತವೆ. ಬಿಸಿ ಗೋಡೆಗೆ ದಾಟುತ್ತದೆ, ಅಲುಗಾಟವೂ ನಿಲ್ಲುತ್ತದೆ. ಒಂದೇ ಸ್ಕ್ರೂನಲ್ಲಿ ಎರಡು ಕೆಲಸ! ಈ ಜಾಣತನ ನನಗೆ ತುಂಬ ಇಷ್ಟ.

ಬಿಸಿಲು, ಚಳಿಯ ಲೆಕ್ಕವೂ ಇದೆ. ಮಾಮೂಲಿ ಚಿಪ್ಪು 0ಯಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು, ಹಳೆಯ ಸೇನಾ ದರ್ಜೆಯದು ಮೈನಸ್ 55ರಿಂದ 125ಕ್ಕೆ.

ನನ್ನ ಪ್ರಕಾರ ಜಾಸ್ತಿ ತಲೆನೋವು ಕಾಲದ್ದು. ಚಿಪ್ಪು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮಾಯವಾಗುತ್ತದೆ. ಹಡಗು, ವಿಮಾನಗಳು ದಶಕಗಟ್ಟಲೆ ದುಡಿಯುತ್ತವೆ. ಕೊನೆಯ ಸಲ ಮಾರುವಾಗಲೇ ಸಾಕಷ್ಟು ಕೊಂಡಿಡಬೇಕು, ಇಲ್ಲವೇ ಹೊಸ ಚಿಪ್ಪಿನ ಕಾರ್ಡ್ ಮಾಡಿಸಿ ಎಲ್ಲ ಪರೀಕ್ಷೆ ಮತ್ತೆ ನಡೆಸಬೇಕು. ನೀವು ಕೇಳಿದ ಖರ್ಚು ಇಲ್ಲೂ ಏರುತ್ತದೆ. ಎಲ್ಲರೂ ಒಪ್ಪಿದ ಮಾನದಂಡ ಎಷ್ಟು ಉಪಯೋಗ ಎಂದು ಗೊತ್ತಾಗುವುದು ಆಗಲೇ. ಒಂದೇ ಪೆಟ್ಟಿಗೆಯ ಕಾರ್ಡುಗಳನ್ನು ಒಂದಕ್ಕೊಂದು ಜೋಡಿಸುವ ವಿಎಂಇ ಬಸ್ ಎಂಬ ಮಾನದಂಡ 1981ರಲ್ಲಿ ಕೈಗಾರಿಕೆಗಾಗಿ ಬಂತು, ಅದನ್ನು ಸೇನೆಗಳೂ ಹಿಡಿದವು. ಅದರ ಹೊಸ ಆವೃತ್ತಿಯಾದ 1994ರ ವಿಎಂಇ64 ಬಂದ ಮೇಲೂ ಹಳೆಯ ಕಾರ್ಡುಗಳನ್ನು ಎಸೆಯಬೇಕಾಗಲಿಲ್ಲ, ಅವು ಹೊಸದರ ಪಕ್ಕದಲ್ಲೇ ಕೂತು ಕೆಲಸ ಮಾಡಿದವು.

— ಸಂ.