ಇದೂ ಪಾಠನಾ, ಅಮ್ಮ?

"ಮಗುವನ್ನು ಶಾಲೆ ಬಿಡಿಸಿ ಮನೇಲೇ ಕಲಿಸಬಹುದಾ?" ಈ ಪ್ರಶ್ನೆ ಹಿಡಿದು ನನ್ನ ಹತ್ತಿರ ಬರುವವರು ಈಗ ಜಾಸ್ತಿ. ಕೊರೊನಾ ಕಾಲದಲ್ಲಿ ಮಕ್ಕಳು ಮನೆಯಲ್ಲೇ ಕೂತು ಕಲಿತದ್ದನ್ನು ನೋಡಿದ ಮೇಲೆ ಹಲವರಿಗೆ ಈ ಯೋಚನೆ ಹೊಳೆದಿದೆ. ಉತ್ತರ ಹೇಳುವಾಗೆಲ್ಲ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಅವನ ವಿಷಯದಲ್ಲಿ ನಾನು ಕೊಟ್ಟ ಸಲಹೆ ಅರ್ಧ ಸರಿ ಇತ್ತು, ಅರ್ಧ ಬಾಕಿ ಉಳಿದಿತ್ತು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹೆಸರು ಪುಟ್ಟು ಅಂತಿರಲಿ.

ಮೈಸೂರಿನ ಮನೆ. ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ, ಅಮ್ಮ ಎಂ.ಎಸ್ಸಿ. ಓದಿದವರು. ಪುಟ್ಟು ಒಂದನೇ ಕ್ಲಾಸಿನಲ್ಲಿ ಅಕ್ಷರಗಳನ್ನು ತಿರುಗುಮುರುಗು ಬರೆಯುತ್ತಿದ್ದ. ಒಂದು ದಿನ ಟೀಚರ್ ಅವನ ನೋಟ್‌ಬುಕ್ಕನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. ಅವತ್ತಿನಿಂದ ರಾತ್ರಿ ಹಾಸಿಗೆ ಒದ್ದೆ. ಅಪ್ಪ ಅಮ್ಮ ಎರಡು ಸಲ ಶಾಲೆಗೆ ಹೋಗಿ ಮಾತಾಡಿದರು. "ನಿಮ್ಮ ಹುಡುಗ ತುಂಬಾ ಸೂಕ್ಷ್ಮ" ಅನ್ನುವುದಷ್ಟೇ ಸಿಕ್ಕ ಉತ್ತರ.

ಆಗ ನಾನೇ ಹೇಳಿದೆ, ಬಿಡಿಸಿ ಅಂತ. ಇವತ್ತಿಗೂ ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಹೆದರಿ ನಡುಗುವ ಆರು ವರ್ಷದ ಮಗುವಿಗೆ "ಹೊಂದಿಕೊಂಡು ಹೋಗೋದು ಕಲಿ" ಅನ್ನುವುದು ಸಲಹೆಯಲ್ಲ. ಒಂದು ತಿಂಗಳಲ್ಲಿ ಹಾಸಿಗೆ ಒದ್ದೆಯಾಗುವುದು ನಿಂತಿತು. ಅಡುಗೆಮನೆಯಲ್ಲಿ ಪಾವು, ಸೇರು ಅಳೆಯುತ್ತಾ ಅರ್ಧ, ಕಾಲು ಕಲಿತ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೆಜ್ಜಾರ್ಲೆ ನೋಡಿ ಬಂದು ಅದರ ಬಗ್ಗೆ ನಾಲ್ಕು ಸಾಲು ಬರೆದ. ತಪ್ಪಾದರೆ ನಗುವವರಿಲ್ಲ, ಬೇಗ ಮುಗಿಸು ಅನ್ನುವವರಿಲ್ಲ. ಮನೆಪಾಠದ ನಿಜವಾದ ಲಾಭ ಇದು. ನಲವತ್ತು ಮಕ್ಕಳ ತರಗತಿಯಲ್ಲಿ ಎಂಥ ಒಳ್ಳೆ ಟೀಚರ್‌ಗೂ ಇಷ್ಟು ನಿಧಾನ ಮಾಡಲು ಆಗುವುದಿಲ್ಲ.

ಆದರೆ ಎಷ್ಟು ದಿನ ಮನೆಪಾಠ, ಅಮ್ಮನ ಜೊತೆ ಇನ್ಯಾರು ಕಲಿಸಬೇಕು ಎಂಬುದನ್ನು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಎರಡೂವರೆ ವರ್ಷದ ಮೇಲೆ ತಾಯಿ ಮತ್ತೆ ಬಂದರು. ಪುಟ್ಟುಗೆ ಈಗ ಒಂಬತ್ತು. ದಿನಾ ಬೆಳಿಗ್ಗೆ ಒಂಬತ್ತಾಗುತ್ತಿದ್ದ ಹಾಗೆ ಹೊಟ್ಟೆನೋವು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದಿದ್ದರು. ತಾಯಿಗೆ ಅರ್ಥವೇ ಆಗಿರಲಿಲ್ಲ. "ಶಾಲೆಗೆ ಹೋಗೋ ಮಕ್ಕಳಿಗೆ ಹೀಗಾಗುತ್ತೆ ಅಂತ ಕೇಳಿದ್ದೆ ಮೇಡಂ. ಇವನು ಮನೇಲೇ ಇದಾನಲ್ಲ?"

ನನ್ನ ಕೋಣೆಯಲ್ಲಿ ಒಂದು ಚೌಕಾಬಾರದ ಹಲಗೆ ಇದೆ. ಮಕ್ಕಳು ಸುಮ್ನೆ ಕೂತು ಮಾತಾಡುವುದು ಕಡಿಮೆ, ಆಡುತ್ತಾ ಮಾತಾಡುತ್ತಾರೆ. ಇಬ್ಬರೂ ನೆಲದ ಮೇಲೆ ಕೂತು ಆಟ ಶುರು ಮಾಡಿದೆವು. ತಾಯಿ ಮೂಲೆಯ ಕುರ್ಚಿಯಲ್ಲಿದ್ದರು. ಪುಟ್ಟು ಚೆನ್ನಾಗಿ ಆಡುತ್ತಿದ್ದ. ಕವಡೆಗಳನ್ನು ಅಂಗೈಯಲ್ಲಿ ಕುಲುಕಿ, ಒಂದು ಸಲ ಊದಿ, ಎಸೆದ. ನಾಲ್ಕೂ ಬೋರಲು ಬಿದ್ದವು. ಬಾರ! ಮಂಡಿಯ ಮೇಲೆ ಎದ್ದು ಕೂತ. ಬಾರ ಬಿದ್ದರೆ ಇನ್ನೊಂದು ಸಲ ಹಾಕಬೇಕಲ್ಲ, ಮತ್ತೆ ಎಸೆದ. ಈ ಸಲ ನಾಲ್ಕೂ ಅಂಗಾತ. ಚೌಕ! ಅವನ ಮುಖ ನೋಡಬೇಕಿತ್ತು. ನನ್ನ ಕಾಯಿ ಕಡಿಯಲು ಕೈ ಚಾಚಿದ.

"ಎಂಟು ಕೂಡು ನಾಲ್ಕು ಎಷ್ಟಾಯ್ತು ಹೇಳು ಪುಟ್ಟು," ಅಂದರು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು.

ಹುಡುಗನ ಕೈ ಹಲಗೆಯ ಮೇಲೆ ಹಾಗೇ ನಿಂತಿತು. ಕಾಯಿ ಕೆಳಗಿಟ್ಟು ಅಮ್ಮನ ಕಡೆ ತಿರುಗಿ ಕೇಳಿದ, "ಇದೂ ಪಾಠನಾ, ಅಮ್ಮ?"

ಅವನ ಎಡಗೈ ಹೊಟ್ಟೆಯ ಮೇಲೆ ಹೋಗಿತ್ತು. ತಾಯಿಯೂ ಅದನ್ನು ನೋಡಿದರು.

ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ನನಗೆ ಹೇಳಿದ, "ಆಂಟಿ, ಆ ಸ್ಕೂಲಲ್ಲಿ ಮೂರೂವರೆಗೆ ಬೆಲ್ ಹೊಡೀತಿತ್ತು. ಹೊಡೆದ್ಮೇಲೆ ಮಿಸ್ ಏನೂ ಕೇಳಂಗಿಲ್ಲ. ಆಮೇಲೆ ಮನೆಗೆ ಹೋಗಿ ಅಮ್ಮಂಗೆ ಹೇಳ್ತಿದ್ದೆ, ಮಿಸ್ ಬೈದ್ರು ಅಂತ. ಈಗ ಯಾರಿಗೆ ಹೇಳೋದು?"

ಅವನನ್ನು ಹೊರಗೆ ಅಪ್ಪನ ಹತ್ತಿರ ಕಳಿಸಿದೆ. ತಾಯಿ ಅಳಲಿಲ್ಲ, ನನ್ನ ಮೇಲೆ ರೇಗಿದರು. "ನೀವೇ ತಾನೇ ಬಿಡಿಸಿ ಅಂದಿದ್ದು? ಕೆಲಸ ಬಿಟ್ಟೆ, ಸ್ನೇಹಿತರ ಮನೆ ಬಿಟ್ಟೆ, ಎರಡೂವರೆ ವರ್ಷ ಇವನಿಗೇ ಕೊಟ್ಟೆ." ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕ್ಷಮೆ ಕೇಳಿದೆ. ಬಿಡಿಸಿ ಅಂದದ್ದಕ್ಕಲ್ಲ, ಆಮೇಲೆ ಮೂರು ತಿಂಗಳಿಗೊಮ್ಮೆ ಬನ್ನಿ ಅಂತ ಹೇಳದೆ ಬಿಟ್ಟದ್ದಕ್ಕೆ.

ನಾನು ನಂಬುವುದು ಇಷ್ಟು. ಮಗುವಿಗೆ ಎರಡು ಜಾಗ ಬೇಕು. ಒಂದು ಜಾಗದಲ್ಲಿ ಆದದ್ದನ್ನು ಇನ್ನೊಂದು ಜಾಗದಲ್ಲಿ ದೂರು ಹೇಳಲು. ಶಾಲೆಯಲ್ಲಿ ಬೈದರೆ ಮನೆ ಇದೆ. ಮನೆಯಲ್ಲಿ ಜಗಳವಾದರೆ ಪಕ್ಕದ ಬೆಂಚಿನ ಗೆಳೆಯ ಇದ್ದಾನೆ. ಅಮ್ಮನೇ ಟೀಚರ್ ಆದಾಗ, ಟೀಚರ್ ಮೇಲಿನ ದೂರನ್ನು ಕೇಳಬೇಕಾದ ಅಮ್ಮ ಇಲ್ಲವಾಗುತ್ತಾಳೆ. ಮನೆಪಾಠದ ಮಕ್ಕಳಿಗೆ ಸ್ನೇಹಿತರು ಸಿಗಲ್ಲ ಅನ್ನುತ್ತಾರಲ್ಲ, ಅದಕ್ಕೆ ದಾರಿ ಇದೆ. ಸಂಜೆ ಮೈದಾನಕ್ಕೆ ಕಳಿಸಿದರಾಯ್ತು. ಇದು ಅದಕ್ಕಿಂತ ದೊಡ್ಡ ಕೊರತೆ. ಕಲಿಸುವ ತಾಯಿ ಎಷ್ಟು ಒಳ್ಳೆಯವಳೋ ಇದು ಕಣ್ಣಿಗೆ ಬೀಳುವುದು ಅಷ್ಟೇ ನಿಧಾನ.

ಹಾಗಂತ ನಾನು ಮನೆಪಾಠದ ವಿರೋಧಿ ಅಲ್ಲ. ನನ್ನನ್ನು ಹಾಗೆ ಅಂದವರಿದ್ದಾರೆ. ಕಾಯಿಲೆಯ ಮಗಳಿಗೆ ಮನೆಯಲ್ಲೇ ಕಲಿಸಿದ ಇನ್ನೊಂದು ಕುಟುಂಬ ಗೊತ್ತು, ಅಲ್ಲಿ ಎಲ್ಲ ಸರಿಹೋಯಿತು. ಅವರದು ವಠಾರದ ಮನೆ. ಲೆಕ್ಕ ಹೇಳಿಕೊಟ್ಟದ್ದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. "ಮೇಷ್ಟ್ರು ತುಂಬಾ ಕೊಡ್ತಾರೆ" ಅಂತ ಆ ಹುಡುಗಿ ಅಮ್ಮನ ಸೆರಗು ಹಿಡಿದು ಗೊಣಗುತ್ತಿದ್ದಳು.

ಕಾನೂನಿನ ಮಾತನ್ನೂ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಶಿಕ್ಷೆ ಅಂತ ಆ ಕಾಯ್ದೆ ಬರೆದಿಲ್ಲ. ಮನೆಪಾಠದ ಹೆಸರನ್ನೂ ಎತ್ತಿಲ್ಲ. ಶಾಲೆಗೆ ಹೋಗದವರೂ ಹತ್ತನೇ ತರಗತಿಯ ಪರೀಕ್ಷೆ ಬರೆಯಲು ರಾಷ್ಟ್ರೀಯ ಮುಕ್ತ ಶಾಲೆ (NIOS) ಇದೆ. 14 ತುಂಬಿರಬೇಕು, ಐದು ವಿಷಯ ಪಾಸಾಗಬೇಕು, ವರ್ಷಕ್ಕೆ ಎರಡು ಸಲ ಪರೀಕ್ಷೆ. ದಾರಿ ಮುಚ್ಚಿಲ್ಲ, ಅಷ್ಟು ಧೈರ್ಯ ಇರಲಿ.

ಪುಟ್ಟುವಿನ ತಾಯಿಗೆ ಮೊದಲು ಹೇಳಿದ್ದು, ಹದಿನೈದು ದಿನ ಏನೂ ಕಲಿಸಬೇಡಿ. ಲೆಕ್ಕ ಕೇಳಬೇಡಿ, ಬೋರ್ಡ್ ಓದಿಸಬೇಡಿ. ಬರೀ ಅಮ್ಮ ಆಗಿರಿ. ಎರಡನೆಯದು, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಸರ್ಕಾರಿ ಶಾಲೆಯನ್ನು ನೋಡಿ ಬನ್ನಿ.

ಅಪ್ಪ ತಕ್ಷಣ ಬೇಡ ಅಂದರು. ಇಂಗ್ಲಿಷ್ ಹೋಗುತ್ತೆ, ಜನ ಏನಂತಾರೆ. ನಾನು ಪಟ್ಟು ಹಿಡಿದೆ, ಕಾರಣವೂ ಇತ್ತು. ಆ ಶಾಲೆಯಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಕಾನೂನು ಅದನ್ನು ಖಾಸಗಿ ಶಾಲೆಗೂ ನಿಷೇಧಿಸಿದೆ, ಆದರೂ "ಸುಮ್ನೆ ಮಾತಾಡಿಸ್ತೀವಿ" ಅಂತ ಮಗುವನ್ನು ಕೂರಿಸಿ ಓದಿಸುವುದನ್ನು ಕಂಡಿದ್ದೇನೆ. ಇವನು ಇನ್ನೊಂದು ಸಲ ಎಲ್ಲರೆದುರು ಓದಿ ತೋರಿಸುವುದು ಬೇಡವಾಗಿತ್ತು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದದ್ದಕ್ಕೆ ವಿಶೇಷ ಪಾಠ ಕೊಡಬೇಕು ಅಂತ ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಮನೆಮಾತು ಕನ್ನಡ, ತರಗತಿಯೂ ಕನ್ನಡ. ಮಧ್ಯಾಹ್ನ ಎಲ್ಲರ ಜೊತೆ ಕೂತು ಊಟ.

ಕೊರತೆಗಳನ್ನೂ ಮುಚ್ಚಿಡಲಿಲ್ಲ. ಟೀಚರ್ ಸಾಲದೆ ಎರಡು ತರಗತಿ ಒಟ್ಟಿಗೆ ಕೂರುವುದುಂಟು. ಚುನಾವಣೆ, ಗಣತಿ ಅಂತ ಮೇಷ್ಟ್ರನ್ನು ಕರೆದುಕೊಂಡು ಹೋಗುವುದುಂಟು. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 17ನೇ ಸೆಕ್ಷನ್ ನಿಷೇಧಿಸುತ್ತದೆ, ಆದರೆ ಕಾಗದದ ಮೇಲೆ ಇದ್ದರೆ ಸಾಲದು. ಅದಕ್ಕೇ ಹೇಳಿದೆ, ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಗೇಟಿನ ಹತ್ತಿರ ನಿಂತುಕೊಳ್ಳಿ. ತಡವಾಗಿ ಬಂದ ಮಗುವಿನ ಜೊತೆ ಹೆಡ್‌ಮೇಷ್ಟ್ರು ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಕೇಳಿ ಬನ್ನಿ. ಕಟ್ಟಡ ಆಮೇಲೆ ನೋಡಿದರಾಯ್ತು.

ತಾಯಿ ಹೋಗಿ ನಿಂತರು. ಆ ಹೆಡ್‌ಮೇಷ್ಟ್ರು ತಡವಾಗಿ ಬಂದವಳಿಗೆ ಕೇಳಿದ್ದು, "ತಿಂಡಿ ತಿಂದ್ಯಾ?" ಅಂತ.

ಜೂನ್‌ನಲ್ಲಿ ನಾಲ್ಕನೇ ತರಗತಿಗೆ ಸೇರಿಸಿದರು. ಓದುವುದು ಇನ್ನೂ ನಿಧಾನ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಇನ್ನೂ ಆಗಾಗ ಬರುತ್ತದೆ. ಅಪ್ಪನಿಗೆ ಇಂಗ್ಲಿಷಿನ ಚಿಂತೆ ಹೋಗಿಲ್ಲ. ಸೆಪ್ಟೆಂಬರಿನಲ್ಲಿ ಮೂವರೂ ಬಂದಿದ್ದರು. ಪುಟ್ಟು ಚೌಕಾಬಾರದ ಹಲಗೆ ಮುಟ್ಟಲೇ ಇಲ್ಲ. ದಾರಿಯಲ್ಲಿ ಶುರು ಮಾಡಿದ ಮಾತನ್ನು ಮುಗಿಸಬೇಕಿತ್ತು.

"ಹಾಲಲ್ಲಿ ಕೆನೆ ಇರುತ್ತೆ ಅಮ್ಮ, ತೆಗಿಯೋಕೂ ಬಿಡಲ್ಲ. ಮೇಷ್ಟ್ರು ನಾಳೆ ಏಳರ ಮಗ್ಗಿ ಕೇಳ್ತಾರಂತೆ. ನಂಗೆ ಏಳರದ್ದು ಬರಲ್ಲ ಅಂತ ಗೊತ್ತಿದ್ರೂ ಕೇಳ್ತಾರಂತೆ!"

"ಹೌದಾ?" ಅಂದರು ತಾಯಿ. ಏಳರ ಮಗ್ಗಿ ಹೇಳಿಕೊಡಲಿಲ್ಲ. "ಆಮೇಲೆ?"