ಫೋಟೋ ಒಂದೇ ಸಾಲದು

ಸರ್ಕಾರಿ ಕಾಮಗಾರಿಯ ಫೋಟೋಗಳನ್ನು ಜಿಪಿಎಸ್ ಸಮೇತ ಆ್ಯಪ್‌ಗೆ ಹಾಕಿಸಿದರೆ ಕಳಪೆ ಕೆಲಸ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಅರ್ಧ ಮಾತ್ರ ಅನ್ನುತ್ತೇನೆ. ಮಾಡದ ಕೆಲಸಕ್ಕೆ ಬಿಲ್ ಎತ್ತುವುದು ಕಷ್ಟವಾಗುತ್ತದೆ, ನಿಜ. ಆದರೆ ಮುಗಿದ ರಸ್ತೆಯ ಫೋಟೋದಲ್ಲಿ ಡಾಂಬರು ಎಷ್ಟು ದಪ್ಪ ಅಂತ ಕಾಣುವುದಿಲ್ಲ ಅಲ್ವಾ? (ಜಾಗವನ್ನೇ ಸುಳ್ಳು ತೋರಿಸುವ ಆ್ಯಪ್‌ಗಳೂ ಇವೆ, ಅದು ಬೇರೆ ಕಥೆ.)

ಹಾಗಾಗಿ ಆಮೇಲೆ ಮುಚ್ಚಿಹೋಗುವ ಹಂತಗಳ ಫೋಟೋ ಕೇಳಿ. ಕಾಂಕ್ರೀಟ್ ಸುರಿಯುವ ಮುಂಚೆ ಕಂಬಿಗಳ ಮೇಲೆ ಟೇಪ್ ಇಟ್ಟು ತೆಗೆದ ಒಂದೇ ಚಿತ್ರ ಸಾಕು. ನಕ್ಷೆಯಲ್ಲಿ ಕಂಬಿಯಿಂದ ಕಂಬಿಗೆ 150 ಮಿ.ಮೀ. ಅಂತಿದ್ದು ಟೇಪ್ 200 ತೋರಿಸಿದರೆ ಅಲ್ಲೇ ಸಿಕ್ಕಿಬಿದ್ದಂತೆ. ಡಾಂಬರಿನ ದಪ್ಪಕ್ಕಾದರೆ ಕೋರ್ (ರಸ್ತೆಯನ್ನು ಕೊರೆದು ಹೊರತೆಗೆದ ಉರುಳೆಯಾಕಾರದ ತುಂಡು) ತೆಗೆದು ಅಳೆಯುವುದೇ ಖಾತ್ರಿ.

ಇನ್ನೊಂದು ವಿಷಯ. ಟೆಂಡರ್ ಮೊತ್ತ ಮಾತ್ರ ಪ್ರಕಟಿಸಿ ಸುಮ್ಮನಾದರೆ ಪ್ರಯೋಜನ ಕಮ್ಮಿ. ಕೆಲಸ ಶುರುವಾದ ಮೇಲೆ ಸೇರಿಕೊಳ್ಳುವ ‘ಹೆಚ್ಚುವರಿ ಕೆಲಸ’ಗಳಲ್ಲೇ ದುಡ್ಡು ಮೆಲ್ಲಗೆ ಸೋರುವುದು. ಉಕ್ರೇನ್‌ನಲ್ಲಿ ಪ್ರೊಜೊರೊ ಎಂಬ ಆನ್‌ಲೈನ್ ಟೆಂಡರ್ ವ್ಯವಸ್ಥೆ ಸರ್ಕಾರಿ ಖರೀದಿಗೆ 2016ರಲ್ಲಿ ಕಡ್ಡಾಯವಾಯಿತು. ಹರಾಜು ಮುಗಿದ ಮೇಲೆ ಯಾರು ಎಷ್ಟು ಕೂಗಿದರು ಅನ್ನುವುದು ಅದರಲ್ಲಿ ಎಲ್ಲರಿಗೂ ಕಾಣುತ್ತದೆ. ಇಂಥ ಹೆಚ್ಚುವರಿ ಕೆಲಸ ಸೇರಿಸುವಂಥ ಒಪ್ಪಂದದ ತಿದ್ದುಪಡಿಗಳಿಗೂ ಅಲ್ಲಿ ಜಾಗವಿದೆ. ನೀವು ಹೇಳುವ ಆ್ಯಪ್‌ನಲ್ಲಿ ಆ ಕಾಲಂ ಇದೆಯಾ, ಮೊದಲು ನೋಡಿ.