ರುದರ್‌ಫೋರ್ಡ್ ಚದುರುವಿಕೆಯ ಲೆಕ್ಕ: ಪ್ರತಿ ಸಲ ಬೇರೆ ಉತ್ತರ ಬರುವುದು ಯಾಕೆ?

7.7 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್) ಚಿನ್ನದ ಹಾಳೆಯಲ್ಲಿ 60 ಡಿಗ್ರಿ ತಿರುಗಿದರೆ ಇಂಪ್ಯಾಕ್ಟ್ ಪ್ಯಾರಾಮೀಟರ್ (ಕಣದ ಮೂಲ ನೇರ ದಾರಿ ನ್ಯೂಕ್ಲಿಯಸ್‌ನ ಮಧ್ಯದಿಂದ ಎಷ್ಟು ಪಕ್ಕಕ್ಕಿದೆ ಅನ್ನುವ ದೂರ) ಎಷ್ಟು, ಮಾಡಿದಷ್ಟು ಸಲ ಬೇರೆ ಬೇರೆ ಉತ್ತರ ಬರುತ್ತಿದೆ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕದಲ್ಲಿ ಬಿಎಸ್ಸಿ ಮಕ್ಕಳಿಗೆ ಟ್ಯೂಷನ್ ಕೊಡುತ್ತೇನೆ. ಹತ್ತನೇ ತನಕ ಕನ್ನಡದಲ್ಲೇ ಓದಿದವರು ಜಾಸ್ತಿ. ಅವರಿಗೂ ವಿಷಯ ಅರ್ಥವಾಗಿರುತ್ತದೆ, ಕೈ ತಪ್ಪುವುದು ಜೂಲ್, ಕೂಲಂಬ್, 10ರ ಮೈನಸ್ ಘಾತಗಳನ್ನು ಬರೆಯುವಾಗ.

ಅದನ್ನೆಲ್ಲ ಬಿಟ್ಟುಬಿಡಿ. 1.44 ಅನ್ನುವ ಒಂದು ಸಂಖ್ಯೆ ನೆನಪಿಡಿ. ಎರಡು ಚಾರ್ಜ್‌ಗಳ ಸಂಖ್ಯೆಯನ್ನು (ಆಲ್ಫಾಗೆ 2, ಚಿನ್ನಕ್ಕೆ 79) ಅದಕ್ಕೆ ಗುಣಿಸಿ, ಎಂಇವಿಯಲ್ಲಿರುವ ಶಕ್ತಿಯಿಂದ ಭಾಗಿಸಿ. ಉತ್ತರ ನೇರ ಫೆರ್ಮಿಯಲ್ಲೇ (10ರ ಮೈನಸ್ 15 ಘಾತ ಮೀಟರ್) ಸಿಗುತ್ತದೆ. ಇಲ್ಲಿ 1.44 × 2 × 79 ÷ 7.7, ಅಂದರೆ 29.5 ಫೆರ್ಮಿ. ಕಣ ನೇರ ಎದುರಿಗೆ ಬಂದರೂ ನ್ಯೂಕ್ಲಿಯಸ್‌ಗೆ ಇದಕ್ಕಿಂತ ಹತ್ತಿರ ಹೋಗಲಾರದು. ಇದರ ಅರ್ಧವನ್ನು ಅರ್ಧ ಕೋನದ, ಅಂದರೆ 30 ಡಿಗ್ರಿಯ, ಕಾಟ್‌ಗೆ (ಕೋಟ್ಯಾಂಜೆಂಟ್) ಗುಣಿಸಿ: 14.8 × 1.732 = 25.6 ಫೆರ್ಮಿ.

ಈಗ ನಿಮ್ಮ ಹಳೇ ಉತ್ತರಗಳನ್ನು ನೋಡಿ. 8.5 ಬಂದಿದ್ದರೆ 30ರ ಬದಲು 60 ಡಿಗ್ರಿ ಹಾಕಿದ್ದೀರಿ. 51 ಬಂದಿದ್ದರೆ ದೂರವನ್ನು ಅರ್ಧ ಮಾಡಿಲ್ಲ. ಮೈನಸ್ ಬಂದಿದ್ದರೆ ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದೆ.

ಸೂತ್ರಕ್ಕಿಂತ ಮೊದಲು ಚಿತ್ರ ಬರೆಯಿರಿ. ನಮ್ಮ ಮಕ್ಕಳಿಗೆ ನಾನು ಅಡಕೆ ತೋಟ ತೋರಿಸುತ್ತೇನೆ. ಹೊರಗೆ ನಿಂತು ಚೆಂಡು ಎಸೆದರೆ ಹೆಚ್ಚಿನವು ಮರಗಳ ನಡುವೆ ದಾಟುತ್ತವೆ, ಎಲ್ಲೋ ಒಂದು ಮರಕ್ಕೆ ಬಡಿದು ವಾಪಸ್ ಬರುತ್ತದೆ. 1909ರಲ್ಲಿ ರುದರ್‌ಫೋರ್ಡ್ ಲ್ಯಾಬಿನ ಗೈಗರ್ ಮತ್ತು ಮಾರ್ಸ್‌ಡನ್ ಕಂಡದ್ದೂ ಹೀಗೇ. ಒಂದೇ ವ್ಯತ್ಯಾಸ, ಆದರೆ ದೊಡ್ಡದು: ಚೆಂಡು ತಿರುಗಬೇಕಾದರೆ ಮರಕ್ಕೆ ತಾಗಲೇಬೇಕು, ಆಲ್ಫಾ ಕಣ ತಾಗುವ ಮೊದಲೇ ತಿರುಗುತ್ತದೆ. ಚಿನ್ನದ ನ್ಯೂಕ್ಲಿಯಸ್‌ನ ತ್ರಿಜ್ಯ ಸುಮಾರು 7 ಫೆರ್ಮಿ ಮಾತ್ರ. 29.5ರಲ್ಲೇ ನಿಂತ ಕಣಕ್ಕೆ ಅದು ಬಹಳ ದೂರ, ಅಲ್ವಾ? ನ್ಯೂಕ್ಲಿಯಸ್‌ನಿಂದ ದೂರ ಸರಿದು ಹೋದಷ್ಟೂ ತಿರುವು ಕಡಿಮೆ. ನಿಮ್ಮ ಉತ್ತರ ಇದಕ್ಕೆ ಹೊಂದುತ್ತದೋ ಅಂತ ಪ್ರತಿ ಸಲ ನೋಡಿ.

ಮುಂದೆ ಅಲ್ಯೂಮಿನಿಯಂ ಲೆಕ್ಕ ಬಂದರೆ ಜಾಗ್ರತೆ. ಅದು ಹಗುರ, ಹೊಡೆತಕ್ಕೆ ಹಿಂದೆ ಸರಿಯುತ್ತದೆ. ಹಾಗಾಗಿ ಮೊದಲು ಶಕ್ತಿಯನ್ನು 27/31ಕ್ಕೆ (ಅಲ್ಯೂಮಿನಿಯಂ ತೂಕ 27, ಆಲ್ಫಾದ 4 ಸೇರಿ 31) ಗುಣಿಸಿ, 6.7 ಎಂಇವಿ ಸಿಗುತ್ತದೆ. (ಚಿನ್ನದಲ್ಲಿ ಈ ವ್ಯತ್ಯಾಸ 2% ಮಾತ್ರ, ಅದಕ್ಕೇ ಬಿಟ್ಟೆವು.) ಅಲ್ಯೂಮಿನಿಯಂ ಚಾರ್ಜ್ 13, ಆಗ ಹತ್ತಿರದ ದೂರ 5.6 ಫೆರ್ಮಿ. ಎರಡು ನ್ಯೂಕ್ಲಿಯಸ್‌ಗಳೂ ಹೆಚ್ಚುಕಡಿಮೆ ತಾಗಿಯೇ ಬಿಡುತ್ತವೆ, ನ್ಯೂಕ್ಲಿಯರ್ ಬಲವೂ ಕೆಲಸ ಶುರುಮಾಡುತ್ತದೆ. ದೊಡ್ಡ ಕೋನಗಳಲ್ಲಿ ರುದರ್‌ಫೋರ್ಡ್ ಸೂತ್ರವೊಂದೇ ಅಲ್ಲಿ ಸಾಲದು.